ಗೇಟಿನ ಒಳಗೆ, ಅಡಿ ಉದ್ದ, ಅಡಿ ಅಗಲ

ಬಾಡಿಗೆ ಮನೆ ಕೊಡಿಸುವ ಕಸುಬಿನವರು ನಗುವುದಕ್ಕೆ ಬೇರೆಲ್ಲಿಗೂ ಹೋಗಬೇಕಾಗಿಲ್ಲ. ಒಂದು ಟು-ಲೆಟ್ ಬೋರ್ಡು ನೇತುಹಾಕಿದರೆ ಸಾಕು, ತಮಾಷೆಗಳೇ ವಿಳಾಸ ಕೇಳಿಕೊಂಡು ಬರುತ್ತವೆ.

ನಾನು ನಂಜನಗೂಡಿನ ಕಡೆಯವಳು. ಮದುವೆಯಾಗಿ ಚೆನ್ನೈಗೆ ಬಂದು ಕೀಲ್ಪಾಕ್‌ನಲ್ಲಿ ಬಾಡಿಗೆ ಮನೆ ಹಿಡಿದೆವು. ಪಕ್ಕದ ಮನೆಯವರ ತಂಗಿಗೆ ಒಂದು ಮನೆ ಹುಡುಕಿಕೊಟ್ಟೆ, ಆಕೆ ತನ್ನ ಓರಗಿತ್ತಿಗೆ ಹೇಳಿದಳು, ಓರಗಿತ್ತಿ ಆಫೀಸಿನವರಿಗೆಲ್ಲ ಹೇಳಿದಳು. ಹೀಗೆ ನಾನು ಬ್ರೋಕರ್ ಆದೆ. ಊರಿಗೆಲ್ಲ ಮನೆ ಕೊಡಿಸುವ ನನಗೆ ನನ್ನ ಬಾಡಿಗೆ ಮನೆಯ ಮೇಲೆ ಮಾತ್ರ ವಿಪರೀತ ವ್ಯಾಮೋಹ. ಕಾರಣ, ಹಿತ್ತಿಲ ಬಾವಿ. ಚೆನ್ನೈ ಬೇಸಿಗೆಯಲ್ಲಿ ಬೀದಿಗೆ ಬೀದಿಯೇ ಕೊಡ ಹಿಡಿದು ಲಾರಿಯ ಹಿಂದೆ ಓಡುವಾಗ ನಮ್ಮ ಬಾವಿಯಲ್ಲಿ ಸಿಹಿನೀರು. ಆ ಬಾವಿಯನ್ನು ಬಿಟ್ಟು ಸ್ವರ್ಗಕ್ಕೆ ಕರೆದರೂ ಅಲ್ಲಿ ನೀರಿನ ಸೌಕರ್ಯ ಹೇಗಿದೆ ಅಂತ ವಿಚಾರಿಸಿಯೇ ಹೋಗುತ್ತಿದ್ದೆ. ಮಾಧವರಂನಲ್ಲಿದ್ದ ನಮ್ಮ ಓನರಿಗೂ ಇದು ಗೊತ್ತಿತ್ತು. ನಾವು ಹೋದರೆ ಹೊಸಬರಿಗೆ ಜಾಸ್ತಿ ಬಾಡಿಗೆಗೆ ಕೊಡಬಹುದು ಅಂತ ಬಂದಾಗಲೆಲ್ಲ, ಯಾವಾಗ ಖಾಲಿ ಮಾಡ್ತೀರಿ ಅಂತ ನಗುನಗುತ್ತಲೇ ಕೇಳುತ್ತಿದ್ದರು. ನಾನೂ ನಗುನಗುತ್ತಲೇ ಕಾಫಿ ಕೊಟ್ಟು ಕಳಿಸುತ್ತಿದ್ದೆ.

ಹೀಗಿರುವಾಗ ಕಾರ್ಪೊರೇಷನ್ನಿನಿಂದ ಬೋರ್ಡಿನ ನಿಯಮ ಬಂತು. ಮರಕ್ಕೆ ಮೊಳೆ ಹೊಡೆಯಬಾರದು, ಲೈಟುಕಂಬಕ್ಕೆ ಕಟ್ಟಬಾರದು, ಬೋರ್ಡು ಗೇಟಿನ ಒಳಗೇ ಇರಬೇಕು, ಅಡಿ ಉದ್ದ ಅಡಿ ಅಗಲ ಮೀರಬಾರದು, ಮನೆ ಬಾಡಿಗೆಗೆ ಹೋದ ಕೂಡಲೇ ತೆಗೆಯಬೇಕು. ಇದನ್ನೆಲ್ಲ ನೋಡಿಕೊಳ್ಳಲು ನಮ್ಮ ಕಡೆಗೆ ಒಬ್ಬ ಇನ್ಸ್‌ಪೆಕ್ಟರ್ ಬಂದರು. ಕೈಯಲ್ಲೊಂದು ಅಳತೆ ಟೇಪು, ಹಿಂದೊಂದು ವ್ಯಾನು. ನಮ್ಮ ಯಜಮಾನರಿಗಂತೂ ಹಬ್ಬವೇ ಆಯಿತು. ಅವರು ಖಾಲಿ ರಸ್ತೆಯಲ್ಲಿ ನಡೆದು ಹೋಗುವಾಗಲೂ ಕೆಂಪು ದೀಪ ಕಂಡರೆ ನಿಲ್ಲುವ ಮನುಷ್ಯ. ಅವತ್ತಿನಿಂದ ನನ್ನ ಬೋರ್ಡುಗಳಿಗೆಲ್ಲ ಸ್ಕೇಲು ಹಿಡಿಯುವ ಕೆಲಸವನ್ನು ಯಾರೂ ಕೇಳದೆ ಅವರೇ ವಹಿಸಿಕೊಂಡರು.

ಕೊನೆಯ ಸಾಲು

ನಿಯಮ ಬಂದ ಹೊಸತು. ಮೆಡಿಕಲ್ ಕಾಲೇಜಿನ ಹಿಂದಿನ ಬೀದಿಯಲ್ಲಿ ಒಂದು ಮಹಡಿ ಮನೆ ಖಾಲಿಯಿತ್ತು. ಮಾಲೀಕರು ನಿವೃತ್ತ ಅಧಿಕಾರಿ. ಅವರ ಅಧಿಕಾರವೆಲ್ಲ ಆಗ ಅವರ ನಾಯಿಗೆ ವರ್ಗವಾಗಿತ್ತು. ಗೇಟಿನ ಒಳಗೆ ಬೋರ್ಡು ಹಾಕಲು ಇದ್ದದ್ದು ಒಂದೇ ಮೊಳೆ, ಅದೂ ನಾಯಿಗೂಡಿನ ನೆತ್ತಿಯ ಮೇಲೆ.

ಮಾಲೀಕರಿಗೆ ಬೋರ್ಡಿನಲ್ಲಿ ಎಲ್ಲವೂ ಬರಬೇಕು. ಎರಡು ರೂಮು, ಹಾಲು, ಅಡುಗೆಮನೆ, ಬೋರ್‌ವೆಲ್, ಪೂರ್ವ ದಿಕ್ಕಿನ ಬಾಗಿಲು, ಫೋನ್ ನಂಬರು, ಇಷ್ಟೂ ತಮಿಳಿನಲ್ಲಿ ಒಂದು ಸಲ, ಇಂಗ್ಲಿಷಿನಲ್ಲಿ ಒಂದು ಸಲ. ಅಡಿ ಜಾಗದಲ್ಲಿ ಇಷ್ಟನ್ನು ಹಿಡಿಸಲು ಪೇಂಟರ್ ತನ್ನ ಮಗನ ಡ್ರಾಯಿಂಗ್ ಬ್ರಷ್ ತಂದು ಬರೆದ. ಅಕ್ಷರಗಳು ಸಕ್ಕರೆಗೆ ಮುತ್ತಿದ ಇರುವೆಗಳ ಹಾಗೆ ಕಂಡವು. ನಮ್ಮ ಯಜಮಾನರು ಸ್ಕೇಲು ಹಿಡಿದು ನೋಡಿ ಬಹಳ ಚೆನ್ನಾಗಿದೆ ಅಂದರು.

ರಸ್ತೆಯಲ್ಲಿ ನಿಂತು ಅದನ್ನು ಓದುವುದು ಯಾರಿಂದಲೂ ಆಗಲಿಲ್ಲ. ಬಂದವರು ಕಣ್ಣು ಕಿರಿದು ಮಾಡಿ ನೋಡುವರು, ಆಮೇಲೆ ಗೇಟು ತೆಗೆದು ಒಳಗೆ ಕಾಲಿಡುವರು. ಅಗುಳಿಯ ಸದ್ದು ಕೇಳಿದ್ದೇ ನಾಯಿ ಎದ್ದು ಬರುವುದು. ಬ್ಯಾಂಕಿನವರೊಬ್ಬರು ನುಗ್ಗೆ ಮರ ಹತ್ತಿದರು, ನುಗ್ಗೆ ಕೊಂಬೆಯ ಶಕ್ತಿ ಎಷ್ಟೆಂದು ಅವರಿಗೆ ಅವತ್ತು ತಿಳಿಯಿತು. ಒಬ್ಬರು ಎರಡನೇ ಸಾಲಿನವರೆಗೂ ಓದಿದ್ದರಂತೆ, ಅದೇ ದಾಖಲೆ. ನಾಯಿಗೂಡಿನಲ್ಲಿ ಒಂಟಿ ಚಪ್ಪಲಿಗಳ ರಾಶಿ ಬೆಳೆಯಿತು. ನಾನು ಬಾಡಿಗೆದಾರರನ್ನು ಕಳಿಸುತ್ತಿದ್ದೀನೋ ನಾಯಿಗೆ ತಿಂಡಿ ಕಳಿಸುತ್ತಿದ್ದೀನೋ ಅಂತ ಮಾಲೀಕರು ಫೋನ್ ಮಾಡಿ ಬೈದರು.

ಒಂದು ಸಂಜೆ ನಾನು ಅದೇ ಬೀದಿಯಲ್ಲಿ ಬರುತ್ತಿದ್ದೆ. ಒಬ್ಬ ಹುಡುಗ ಗೇಟಿನ ಹೊರಗೆ ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದ. ಅಂಗೈಯಿಂದ ಎಡಗಣ್ಣು ಮುಚ್ಚಿ ಮೇಲಿನಿಂದ ಕೆಳಗಿನವರೆಗೆ ಓದಿದ. ಬಲಗಣ್ಣು ಮುಚ್ಚಿ ಇನ್ನೊಂದು ಸಲ ಓದಿದ. ಆಮೇಲೆ ಮೂಲೆ ಅಂಗಡಿಗೆ ಹೋಗಿ ನಂಬರಿಗೆ ಫೋನ್ ಮಾಡಿದ. ವಿಚಾರಿಸಿದರೆ, ಕಣ್ಣಿನ ಡಾಕ್ಟರಾಗಲು ಓದುತ್ತಿರುವವನು. ಹೊತ್ತು ಹುಟ್ಟಿದರೆ ರೋಗಿಗಳಿಗೆ ಗೋಡೆಯ ಮೇಲಿನ ಅಕ್ಷರ ಓದಿಸುವುದೇ ಅವನ ಕೆಲಸ. ಕೊನೆಯ ಸಾಲು ಓದಿದವನು ಊರಿಗೆಲ್ಲ ಅವನೊಬ್ಬನೇ, ಹಾಗಾಗಿ ಮನೆ ಅವನಿಗೇ ಆಯಿತು. ಸಾಮಾನು ತಂದ ದಿನ ಅವನ ಎಡಗಾಲಿನ ಚಪ್ಪಲಿಯನ್ನು ಮಾತ್ರ ನಾಯಿ ಅಡ್ವಾನ್ಸ್ ಅಂತ ಇಟ್ಟುಕೊಂಡಿತು.

ಮಾಮಿಯ ಷರತ್ತುಗಳು

ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಬ್ಬ ಮಾಮಿ ಇದ್ದರು. ಮುತ್ತಾತನ ಕಾಲದಿಂದ ಮದರಾಸಿನಲ್ಲಿ ನೆಲೆಸಿದ ಮಾಧ್ವರ ಮನೆತನ. ಮನೆಮಾತು ಕನ್ನಡವೇ, ಆದರೆ ಆ ಕನ್ನಡ ಅರ್ಧ ದಾರಿಯಲ್ಲಿ ತಮಿಳಿನ ಮನೆಗೆ ಹೋಗಿ ಕಾಫಿ ಕುಡಿದು ಬರುತ್ತಿತ್ತು. ಮಗ ಸೊಸೆ ಮೊಮ್ಮಕ್ಕಳೊಂದಿಗೆ ಮಾಮಿ ಕೆಳಗಿದ್ದರು. ಮಹಡಿ ಖಾಲಿಯಿತ್ತು. ಅಲ್ಲೂ ಒಂದು ಬಾವಿಯಿತ್ತು, ನಮ್ಮದರಷ್ಟು ಸಿಹಿಯಿಲ್ಲ ಅಂತ ನನ್ನ ಅಭಿಪ್ರಾಯ.

ನಾನು ಅಳತೆಗೆ ಸರಿಯಾದ ಬೋರ್ಡನ್ನೇ ಹಾಕಿಸಿದ್ದೆ. ಮಾರನೇ ದಿನ ಮಾಮಿ ಹೇಳಿಕಳಿಸಿದರು. ಯಾರೋ ಬಂದು ಮೀನು ಮಾಡಬಹುದಾ ಅಂತ ಕೇಳಿದರಂತೆ. ಬಂದವರಿಗೆಲ್ಲ ಬಾಯಿ ನೋಯುವವರೆಗೂ ಹೇಳೋದಕ್ಕಿಂತ ಬೋರ್ಡಿನಲ್ಲೇ ಬರೆದುಬಿಟ್ಟರೆ ನೆಮ್ಮದಿ ಅಂದರು. ಸಸ್ಯಾಹಾರಿಗಳು ಮಾತ್ರ ಅಂತ ಒಂದು ಪಟ್ಟಿ ಸೇರಿಸಿ ಹೊಡೆಸಿದೆ. ಆಮೇಲೆ ಬಂದವರು ಹಾರ್ಮೋನಿಯಂ ಇದೆ ಅಂದರು, ಇನ್ನೊಂದು ಹಲಗೆ ಸೇರಿತು. ಮುಂದಿನವರಿಗೆ ನೆಂಟರು ಜಾಸ್ತಿ, ಅದಕ್ಕೊಂದು ಹಲಗೆ. ದೀಪ ಹಚ್ಚಿದ ಮೇಲೆ ರುಬ್ಬಬಾರದು. ಬೀದಿಗೆ ಕಾಣುವ ಹಾಗೆ ಬಟ್ಟೆ ಒಣಗಿಸಬಾರದು. ಗೋಡೆಗೆ ಮೊಳೆ ಹೊಡೆಯಬಾರದು. ಮಾಮಿಯ ತೊಟ್ಟಿ ತುಂಬುವಾಗ ಮೇಲೆ ನಲ್ಲಿ ತಿರುಗಿಸಬಾರದು. ಹಲಗೆ ಸಾಲದೆ ಹಳೇ ಬೀರುವಿನ ಬಾಗಿಲು ಬಿಚ್ಚಿ ಜೋಡಿಸಿದರು. ಆ ಮೊದಲ ಪಟ್ಟಿ ಬಿಟ್ಟರೆ ಉಳಿದದ್ದೆಲ್ಲ ನಾನು ಊರಿಗೆ ಹೋಗಿದ್ದಾಗ ನಡೆದದ್ದು. ವಾಪಸು ಬಂದು ನೋಡಿದರೆ ಗೇಟಿನ ಹಿಂದೆ ಮನೆಯೇ ಕಾಣುತ್ತಿರಲಿಲ್ಲ.

ಇನ್ಸ್‌ಪೆಕ್ಟರ್ ಬಂದರು. ಟೇಪು ಹಿಡಿದರು, ಇನ್ನೊಂದು ತುದಿ ಹಿಡಿಯಲು ಆಳು ಕರೆದರು. ಅಡಿ ಉದ್ದ ಅಡಿ ಅಗಲ ಅಂತ ಮಾಮಿಗೆ ತಮಿಳಿನಲ್ಲಿ ಮೆತ್ತಗೆ ವಿವರಿಸಿದರು. ಹಾಗಾದರೆ ಯಾವ ಷರತ್ತು ತೆಗೆಯಬೇಕು ನೀವೇ ಹೇಳಿ ಅಂತ ಮಾಮಿ ಅವರನ್ನೇ ಕೇಳಿದರು. ಅವರು ಪಾಪ, ಮೊದಲಿನಿಂದ ಓದಲು ಶುರುಮಾಡಿ, ನೆಂಟರ ಸಾಲಿಗೆ ಬರುವಷ್ಟರಲ್ಲಿ ಕುತ್ತಿಗೆ ನೋವಾಗಿ, ಇಡೀ ಬೋರ್ಡನ್ನೇ ಎತ್ತಿ ಅಂದುಬಿಟ್ಟರು. ಆಳುಗಳು ಹೊತ್ತು ವ್ಯಾನಿಗೆ ಹಾಕಿದರು.

ಮಾಮಿ ಬೀದಿಯ ತುದಿಯವರೆಗೂ ಕೂಗುತ್ತಾ ಹೋಗಿ ಬಂದರು. ಬೋರ್ಡು ಹೋಯಿತಲ್ಲ ಅಂತ ನಾನು ಸಮಾಧಾನ ಹೇಳಲು ಹೋದೆ.

"ಬೋರ್ಡ್ ಹೋದ್ರೆ ಪರವಾಯಿಲ್ಲೆಮ್ಮಾ. ಆ ಮನುಷ್ಯ ಅದನ್ನ ಪೂರ್ತಿ ಓದಲೇ ಇಲ್ವೇ, ಅದಾನ್ ನನಗೆ ಕೋಪ. ಗೇಟ್ ಮುಂದೆ ವ್ಯಾನ್ ನಿಲ್ಲಿಸ್ಕೂಡಾದು ಅಂತ ಕಡೇಲಿ ಕೆಂಪು ಬಣ್ಣದಲ್ಲಿ ಬರೆಸಿದೀನಿ."

ಬಜ್ಜಿ ತಿಂದವರು

ಮಾಧವರಂ ಕಾಲೋನಿಯಲ್ಲಿ ಒಂದು ಮನೆ ಕೊಡಿಸಿದ್ದೆ. ಸಂಸಾರ ಬಂದು ಸೇರಿದ ಮೇಲೆ ಬೋರ್ಡು ತೆಗೆಯಲು ಹೋದರೆ ಮನೆಯಾಕೆ ಬಾಗಿಲಲ್ಲೇ ತಡೆದರು. ಅವತ್ತು ಮಂಗಳವಾರ, ಮನೆಯಿಂದ ಏನನ್ನೂ ಹೊರಗೆ ಕಳಿಸಬಾರದಂತೆ. ಇನ್ನೊಂದು ದಿನ ಹೋದೆ, ರಾಹುಕಾಲ. ಮತ್ತೊಂದು ದಿನ ಶುಕ್ರವಾರ, ಲಕ್ಷ್ಮಿ ಹೊರಟುಹೋಗುತ್ತಾಳಂತೆ. ಟು-ಲೆಟ್ ಬೋರ್ಡಿನಲ್ಲಿ ಲಕ್ಷ್ಮಿ ಎಲ್ಲಿ ಕೂತಿದ್ದಾಳೆ ಅಂತ ಕೇಳಬೇಕೆನ್ನಿಸಿತು, ನಾಲಗೆ ಕಚ್ಚಿಕೊಂಡೆ. ಅಂತೂ ಬೋರ್ಡು ಗೇಟಿನೊಳಗೇ ಉಳಿಯಿತು.

ಭಾನುವಾರ ಅವರ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಬಾಳೆಕಾಯಿ ಬಜ್ಜಿ, ಕೇಸರಿಬಾತು, ಫಿಲ್ಟರ್ ಕಾಫಿ ಎಲ್ಲಾ ತಯಾರು. ಹೇಳಿದ ಹೊತ್ತಿಗಿಂತ ಸ್ವಲ್ಪ ಮೊದಲೇ ತಂದೆ, ತಾಯಿ, ಮಗ ಗೇಟು ತೆಗೆದು ಬಂದರು. ಇವರು ಓಡಿಹೋಗಿ ಕೈಕಾಲು ತೊಳೆಯಲು ನೀರು ಕೊಟ್ಟು ಚಾಪೆಯ ಮೇಲೆ ಕೂರಿಸಿದರು. ಬಂದವರು ಬೋರ್ಡು ಕಂಡು ಮನೆ ನೋಡಲು ಬಂದವರು. ಬೆಳಗಿನಿಂದ ನಾಲ್ಕಾರು ಓನರುಗಳ ಮನೆಯಲ್ಲಿ ಗೇಟಿನ ಹೊರಗೇ ನಿಂತು ಬಂದ ಜೀವಗಳು. ಬಜ್ಜಿಯ ತಟ್ಟೆ ಕಂಡವರೇ ಬಂದ ಕೆಲಸ ಮರೆತು ಕೈ ಹಾಕಿದರು.

ಎರಡನೇ ಸುತ್ತು ಬಜ್ಜಿ ಬಂತು. ರೇಷ್ಮೆ ಸೀರೆಯುಟ್ಟ ಹುಡುಗಿ ಕಾಫಿ ತಂದು ಹಿರಿಯರಿಗೆಲ್ಲ ನಮಸ್ಕಾರ ಮಾಡಿದಳು. ಒಂದು ದೇವರನಾಮವನ್ನೂ ಹಾಡಿದಳು. ಇಂಥ ಓನರು ಎಲ್ಲಿ ಸಿಕ್ಕುತ್ತಾರೆ, ಬಾಡಿಗೆ ಎಷ್ಟಾದರೂ ಸರಿ ಅಂತ ಆ ತಾಯಿ ಗಂಡನ ಕಿವಿಯಲ್ಲಿ ಹೇಳಿದರಂತೆ. ಮಗ ಹುಡುಗಿಯನ್ನೇ ನೋಡುತ್ತಾ ಕೂತಿದ್ದ. ಹಾಡು ಮುಗಿಯಿತು. ತಂದೆ ಕೈ ಒರೆಸಿಕೊಂಡು, ಎಲ್ಲಾ ಬಹಳ ತೃಪ್ತಿಯಾಯ್ತು, ಇನ್ನು ಬಚ್ಚಲುಮನೆ ಒಂದು ತೋರಿಸಿಬಿಟ್ಟರೆ ಮಾತು ಮುಗಿಸಬಹುದು ಅಂದರು.

ಆ ಗಳಿಗೆಗೆ ಸರಿಯಾಗಿ ನಿಜವಾದ ಗಂಡಿನ ಕಡೆಯವರು ಗೇಟಿಗೆ ಬಂದು, ಬೋರ್ಡು ಓದಿ, ಹೆಣ್ಣಿನವರು ಊರು ಬಿಡುತ್ತಿದ್ದಾರೆ ಅಂದುಕೊಂಡು ಬಂದ ದಾರಿಗೆ ಹೋದರು. ಇತ್ತ ಬಜ್ಜಿಯೂ ಮುಗಿದಿತ್ತು.

ಬಜ್ಜಿ ತಿಂದವರಿಗೆ ಆ ಮನೆ ಸಿಗಲಿಲ್ಲ. ಆದರೆ ಹುಡುಗ ಹಟ ಹಿಡಿದು, ಜಾತಕ ತರಿಸಿ, ಮೂರು ತಿಂಗಳಲ್ಲಿ ಆ ಹುಡುಗಿಯನ್ನೇ ಮದುವೆಯಾದ. ಮಂಟಪದಲ್ಲಿ ಹುಡುಗಿಯ ತಂದೆ ನನ್ನನ್ನು ಪಕ್ಕಕ್ಕೆ ಕರೆದು, ನಿಮ್ಮ ಬೋರ್ಡಿನಿಂದ ಆದದ್ದು, ನಿಮ್ಮ ಬ್ರೋಕರೇಜ್ ಏನು ಹೇಳಿ ಅಂದರು. ಇಂಥದ್ದಕ್ಕೆ ಏನು ದರ ಅಂತ ನನಗೆ ಗೊತ್ತಿರಲಿಲ್ಲ. ಅಭ್ಯಾಸಬಲದಿಂದ, ಒಂದು ತಿಂಗಳ ಬಾಡಿಗೆ ಅಂದುಬಿಟ್ಟೆ.

ಗೋಡೌನು

ಇನ್ಸ್‌ಪೆಕ್ಟರ್ ಎತ್ತಿಕೊಂಡು ಹೋದ ಬೋರ್ಡುಗಳೆಲ್ಲ ಊರಾಚೆ ಒಂದು ಗೋಡೌನಿಗೆ ಹೋಗುತ್ತಿದ್ದವು. ನನ್ನ ಒಂದೆರಡು ಬೋರ್ಡು ಬಿಡಿಸಿಕೊಳ್ಳಲು ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಇಡೀ ಚೆನ್ನೈನ ಖಾಲಿ ಮನೆಗಳು ಅಲ್ಲಿ ಸಾಲಾಗಿ ಒರಗಿ ನಿಂತಿದ್ದವು. ಬೀದಿ ಹೆಸರು, ಬಾಗಿಲ ನಂಬರು, ಫೋನು, ಎಷ್ಟು ರೂಮು, ಎಲ್ಲವೂ. ವರ್ಷವಿಡೀ ಬಿಸಿಲಲ್ಲಿ ಅಲೆದರೂ ನನಗೆ ಅಷ್ಟು ಮನೆ ಸಿಕ್ಕುತ್ತಿರಲಿಲ್ಲ.

ಆಗ ಶೋಳಿಂಗನಲ್ಲೂರಿನ ಐಟಿ ಪಾರ್ಕಿನಲ್ಲಿ ಕೆಲಸಕ್ಕಿದ್ದ ಹಾಸನದ ಒಂದು ಹೊಸ ಜೋಡಿ ನನ್ನ ಹತ್ತಿರ ಮನೆ ಕೇಳಿತ್ತು. ಅವರಿಗೆ ಬಿಡುವು ಭಾನುವಾರ ಮಾತ್ರ. ಎರಡು ಭಾನುವಾರ ಆಟೋದಲ್ಲಿ ಸುತ್ತಿ ಇಬ್ಬರೂ ಬದನೆಕಾಯಿ ಸುಟ್ಟ ಹಾಗೆ ಆಗಿದ್ದರು. ಮೂರನೇ ಭಾನುವಾರ ನಾನು ಅವರನ್ನು ನೇರವಾಗಿ ಗೋಡೌನಿಗೆ ಕರೆದುಕೊಂಡು ಹೋದೆ. ನೆರಳಿನಲ್ಲಿ ನಿಂತು, ಬೋರ್ಡು ತಿರುವಿ ತಿರುವಿ, ಕಾಫಿ ಹೊತ್ತಿನೊಳಗೆ ಮನೆ ಆರಿಸಿದರು. ಸೀರೆ ಅಂಗಡಿಗೆ ಬಂದ ಹಾಗಿದೆ ಆಂಟಿ ಅಂತ ಆ ಹುಡುಗಿ ಬಹಳ ಖುಷಿಪಟ್ಟಳು.

ಅವರು ಆಫೀಸಿನಲ್ಲಿ ಹೇಳಿದರು. ಮುಂದಿನ ಭಾನುವಾರ ಒಂದು ಗುಂಪೇ ಬಂತು. ಅದರ ಮುಂದಿನ ವಾರ ಬೇರೆ ಬ್ರೋಕರುಗಳೂ ಬಂದರು. ಬಾಗಿಲಲ್ಲಿ ಒಬ್ಬ ಎಳನೀರು ಗಾಡಿ ಹಾಕಿದ, ಪಕ್ಕದಲ್ಲೊಬ್ಬಳು ಮಾವಿನಕಾಯಿ ಉಪ್ಪು ಖಾರ ಹಚ್ಚಿ ಮಾರತೊಡಗಿದಳು.

ಜನ ಸೇರಿದ್ದು ಕೇಳಿ ಇನ್ಸ್‌ಪೆಕ್ಟರ್ ಓಡಿಬಂದರು. ಬೋರ್ಡು ಕಿತ್ತದ್ದಕ್ಕೆ ಗಲಾಟೆ ಮಾಡಲು ಬಂದಿದ್ದಾರೆ ಅಂತ ತಿಳಿದು, ಸ್ಟೂಲಿನ ಮೇಲೆ ನಿಂತು, ಊರಿನ ಅಂದಚಂದದ ಬಗ್ಗೆ, ಮರಗಳ ನೋವಿನ ಬಗ್ಗೆ ಒಂದು ಭಾಷಣವನ್ನೇ ಮಾಡಿದರು. ಜನ ಅಷ್ಟೇ ಮರ್ಯಾದೆಯಿಂದ ಕೇಳಿ ಚಪ್ಪಾಳೆ ತಟ್ಟಿ, ಸಾರ್, ಅಡಯಾರ್ ಮನೆಗಳು ಯಾವ ಮೂಲೇಲಿವೆ ಅಂತ ವಿಚಾರಿಸಿದರು.

ಮಾರನೇ ದಿನವೇ ಅವರು ಗೋಡೌನಿನ ಗೋಡೆಯ ಮೇಲೆ ಒಂದು ಬೋರ್ಡು ಹಾಕಿಸಿದರು. ಮನೆ ಹುಡುಕುವವರಿಗೆ ಇಲ್ಲಿ ಪ್ರವೇಶವಿಲ್ಲ. ದೂರಕ್ಕೆ ಕಾಣಲಿ ಅಂತ ಅಲ್ಲಿದ್ದ ಹಲಗೆಗಳಲ್ಲೆಲ್ಲ ದೊಡ್ಡದನ್ನೇ ಹುಡುಕಿ, ಅದರ ಬೆನ್ನಿಗೆ ಬರೆಸಿದ್ದರು. ದೊಡ್ಡದು ಅಂದರೆ ಇನ್ಯಾವುದು, ನಮ್ಮ ಮಾಮಿಯದೇ. ಬೀದಿಯ ಗೋಡೆಗೆ ಹೊಡೆದ, ಅಳತೆ ಮೀರಿದ ಬೋರ್ಡು. ನಿಯಮದ ಪ್ರಕಾರ ಅದನ್ನು ಕಿತ್ತು ಗೋಡೌನಿಗೆ ಸಾಗಿಸಬೇಕಿತ್ತು, ಆದರೆ ಅದು ಆಗಲೇ ಅಲ್ಲಿಗೆ ಬಂದಾಗಿತ್ತು.

ಹಾಲು ಉಕ್ಕಿದ್ದು

ಇಷ್ಟು ದಿನ ಊರವರ ಮನೆಯಲ್ಲಿ ನಡೆಯುತ್ತಿದ್ದ ತಮಾಷೆ ಒಂದು ದಿನ ನಮ್ಮ ಮನೆಗೇ ಬಂತು.

ಚೆನ್ನೈಯಲ್ಲಿ ಆಡಿ ತಿಂಗಳು ಹುಟ್ಟಿತೆಂದರೆ ನಮ್ಮ ಆಷಾಢದ ಹಾಗೆ, ಯಾರೂ ಹೊಸ ಮನೆಗೆ ಕಾಲಿಡುವುದಿಲ್ಲ. ಆದ್ದರಿಂದ ಮನೆ ಬದಲಾಯಿಸುವವರು ಆಡಿಗೆ ಮೊದಲೇ ಒಳ್ಳೆಯ ದಿನ ನೋಡಿ, ದೇವರ ಪಟದೊಂದಿಗೆ ಹೋಗಿ, ಹೊಸ ಮನೆಯ ಅಡುಗೆಮನೆಯಲ್ಲಿ ಹಾಲು ಉಕ್ಕಿಸಿ ಬಂದುಬಿಡುತ್ತಾರೆ. ಸಾಮಾನು ಯಾವಾಗ ಬೇಕಾದರೂ ಬರಲಿ, ಹಾಲು ಉಕ್ಕಿತೆಂದರೆ ಮನೆ ಅವರದು.

ಆ ವರ್ಷ ಆಡಿಗೆ ಮೊದಲು ಮಾಮಿಯ ಮಹಡಿಗೆ ಹೇಗಾದರೂ ಯಾರನ್ನಾದರೂ ಸೇರಿಸಬೇಕೆಂದು ಹೊಸ ಬೋರ್ಡು ಬರೆಸಿದೆ. ಬರೀ ಟು-ಲೆಟ್ ಅಂತ ಮಾತ್ರ, ಷರತ್ತೆಲ್ಲ ಮಾಮಿಯೇ ಬಾಯಲ್ಲಿ ಹೇಳಲಿ ಅಂತ. ಬಣ್ಣ ಹಸಿಯಿತ್ತು. ಪೇಂಟರ್ ಅದನ್ನು ನಮ್ಮ ಕಾಂಪೌಂಡಿನ ಹೊರಗೆ ಒರಗಿಸಿ ಹೋದ. ನಮ್ಮ ಯಜಮಾನರು ಅದನ್ನು ಕಂಡದ್ದೇ ಹೊರಗೆ ಓಡಿದರು. ಒಣಗಲಿಕ್ಕಾದರೂ ಸರಿ, ರಸ್ತೆಯಲ್ಲಿದ್ದರೆ ತಪ್ಪು ತಪ್ಪೇ ಅಂತ ಅದನ್ನು ಎತ್ತಿ ತಂದು, ಗೇಟಿನ ಒಳಗೆ, ಮರ ಮುಟ್ಟದ ಹಾಗೆ, ಸೊಟ್ಟಗಾಗದ ಹಾಗೆ ನೇತುಹಾಕಿದರು. ದೂರ ಹೋಗಿ ನಿಂತು ನೋಡಿ ಸಂತೋಷಪಟ್ಟರು. ಮಳೆಯ ಮೋಡವಿತ್ತು, ಬಣ್ಣ ಒಣಗಲಿಲ್ಲ, ಬೋರ್ಡು ಎರಡು ದಿನ ಅಲ್ಲೇ ಇತ್ತು.

ಮೂರನೇ ದಿನ ಬೆಳಿಗ್ಗೆ ನಾನು ಸಾರಿಗೆ ಬೇಳೆ ಬೇಯಿಸಿ ಗ್ಯಾಸ್ ಒಲೆಯ ಒಂದು ಕಡೆ ಕುದಿಯಲು ಇಟ್ಟಿದ್ದೆ. ಬಾಗಿಲಿಗೆ ಹೋದ ಮಗಳು, ಅಮ್ಮಾ ಯಾರೋ ವಂದಿರ್ಕಾಂಗ, ಮೂರು ಜನ ಬಂದಿದ್ದಾರೆ ಅಂದಳು. ಹಣೆತುಂಬ ವಿಭೂತಿ, ರೇಷ್ಮೆ ಪಂಚೆ, ಬಾಗಿಲಲ್ಲಿ ಇನ್ಸ್‌ಪೆಕ್ಟರ್. ಹಿಂದೆ ಹೆಂಡತಿ, ಕೈಯಲ್ಲಿ ಹೊಸ ಪಾತ್ರೆ. ಅವಳ ಹಿಂದೆ ಅವರ ತಾಯಿ, ಕೈಯಲ್ಲಿ ಗಣಪತಿ ಪಟ. ನಮ್ಮ ಯಜಮಾನರು ಅವರನ್ನು ಕಂಡದ್ದೇ, ಬೋರ್ಡು ಒಳಗಡೆಯೇ ಇದೆ ಸಾರ್, ಅಳತೆಯೂ ಸರಿಯಾಗಿದೆ ಅಂತ ತೊದಲಿದರು. ಅದನ್ನು ನೋಡಿಯೇ ಬಂದದ್ದು ಸಾರ್ ಅಂತ ಇನ್ಸ್‌ಪೆಕ್ಟರ್ ನಕ್ಕರು. ಆ ನಗು ಕಂಡು ಇವರಿಗೆ ಎಷ್ಟು ಸಮಾಧಾನವಾಯಿತೆಂದರೆ, ಆ ಹೆಂಗಸು ಅಡುಗೆಮನೆ ಯಾವ ಕಡೆ ಅಂದಾಗ ಏಕೆ ಎತ್ತ ಅಂತ ಕೇಳದೆ ಮುಂದೆ ನಿಂತು ದಾರಿ ತೋರಿಸಿದರು.

ಅಜ್ಜಿ ನಮ್ಮ ಒಲೆಗೆ ಅರಿಶಿನ ಕುಂಕುಮ ಇಟ್ಟರು. ಸಾರಿನ ಪಕ್ಕದ ಉರಿಯ ಮೇಲೆ ಹಾಲಿಟ್ಟರು. ಏನೋ ಹರಕೆಯಿರಬೇಕು, ಇನ್ಸ್‌ಪೆಕ್ಟರ ಹರಕೆಗೆ ಒಲೆ ಕೊಡಲ್ಲ ಅನ್ನುವುದಕ್ಕಾಗುತ್ತದೆಯೇ ಅಂತ ನಾನೂ ಕೈಮುಗಿದು ನಿಂತೆ. ಹಾಲು ಪೂರ್ವ ದಿಕ್ಕಿಗೇ ಉಕ್ಕಿತು. ಅಜ್ಜಿಯ ಮುಖ ಅರಳಿತು. ಸಕ್ಕರೆ ಹಾಕಿ ಒಂದು ಲೋಟ ಹಾಲನ್ನು ನನ್ನ ಕೈಗಿಟ್ಟು, ಬಹಳ ಪ್ರೀತಿಯಿಂದ, ನೀವು ಯಾವತ್ತು ಖಾಲಿ ಮಾಡ್ತೀರಮ್ಮಾ ಅಂತ ಕೇಳಿದರು.

ಆಮೇಲೆ ಒಂದೊಂದಾಗಿ ಹೊರಬಿತ್ತು. ಇನ್ಸ್‌ಪೆಕ್ಟರ್ ಇದ್ದ ಬಾಡಿಗೆ ಮನೆಯನ್ನು ಅವರ ಓನರು ಬಿಡಿ ಅಂದಿದ್ದರು. ಆಡಿ ಹತ್ತಿರ ಬಂದಿತ್ತು. ಅವರು ಊರೆಲ್ಲ ಸುತ್ತಿದರೂ ಎಲ್ಲೂ ಒಂದು ಬೋರ್ಡು ಕಂಡಿರಲಿಲ್ಲ. ನಮ್ಮದೊಂದೇ ಇತ್ತು, ಅದೂ ಗೇಟಿನ ಒಳಗೆ, ಅಡಿ ಉದ್ದ, ಅಡಿ ಅಗಲ. ಅದನ್ನು ಕಂಡು ಅವರಿಗೆ ಕಣ್ಣು ತುಂಬಿ ಬಂದಿತ್ತಂತೆ. ಬ್ರೋಕರ್ ಸಹವಾಸವೇ ಬೇಡ ಅಂತ, ಚೆನ್ನೈಯಲ್ಲಿ ಎಲ್ಲರೂ ಮಾಡುವ ಹಾಗೆ, ಪಕ್ಕದ ಮನೆಯಲ್ಲಿ ಓನರ ನಂಬರು ಕೇಳಿ ನೇರವಾಗಿ ಮಾಧವರಂಗೆ ಫೋನ್ ಮಾಡಿದ್ದರು. ನಮ್ಮ ಓನರು ಬೇಡ ಅನ್ನುತ್ತಾರೆಯೇ. ಅವರೇ ಬೋರ್ಡು ಹಾಕಿದ್ದಾರೆ ಅಂದರೆ ಬಿಟ್ಟುಹೋಗುತ್ತಾರೆ, ನೀವು ಹಾಲು ಉಕ್ಕಿಸಿಬಿಡಿ, ಅವರಿಗೆ ನಾನು ಹೇಳ್ತೀನಿ ಅಂದಿದ್ದರು. ಸಂತೋಷದಲ್ಲಿ ನಮಗೆ ಹೇಳುವುದನ್ನೇ ಮರೆತಿದ್ದರು.

ನಾನು ಓನರಿಗೆ ಫೋನ್ ಮಾಡಿದೆ. ಹಾಲು ಉಕ್ಕಿತಾ, ಹಾಗಾದರೆ ನಾನೇನು ಮಾಡೋಕಾಗುತ್ತೆ ಅಂದರು. ಫೋನ್ ಇಟ್ಟೆ. ಹಿತ್ತಿಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತೆ. ನಿಜವಾಗಿ ಅಳು ಬಂತು. ಊರಿಗೆಲ್ಲ ಮನೆ ಕೊಡಿಸಿದವಳು ಒಂದು ಒದ್ದೆ ಬೋರ್ಡಿನಿಂದ ಬೀದಿಗೆ ಬೀಳಬೇಕೇ ಅನ್ನಿಸಿತು. ಆಮೇಲೆ ಕಣ್ಣೊರೆಸಿಕೊಂಡು ಒಳಗೆ ಬಂದು, ಅದು ಮಾಮಿಯ ಮಹಡಿಯ ಬೋರ್ಡು, ಅಲ್ಲಿಗೇ ಹೋಗಿ, ಅಲ್ಲೂ ಬಾವಿಯಿದೆ, ಬ್ರೋಕರೇಜ್ ಬೇಡವೇ ಬೇಡ ಅಂತ ಗೋಗರೆದೆ. ಇನ್ಸ್‌ಪೆಕ್ಟರು, ಅವರ ಹೆಂಡತಿ ಇಬ್ಬರೂ ಒಪ್ಪಿದರು. ಅಜ್ಜಿ ಮಾತ್ರ ಜಗ್ಗಲಿಲ್ಲ. ಉಕ್ಕಿದ ಹಾಲು ಉಕ್ಕಿತು, ಒಂದೇ ವರ್ಷ ಎರಡು ಮನೆಯಲ್ಲಿ ಹಾಲು ಉಕ್ಕಿಸಿದರೆ ಎರಡೂ ಕಡೆ ನಿಲ್ಲುವುದಿಲ್ಲ, ಇನ್ನು ಇದೇ ನಮ್ಮ ಮನೆ ಅಂತ ಗಣಪತಿಯನ್ನು ನಮ್ಮ ದೇವರ ಗೂಡಿನ ಕಡೆ ಸರಿಸಿಕೊಂಡು ಹೊರಟರು.

ನನ್ನ ಕಣ್ಣು ಒಲೆಯ ಮೇಲೆ ಬಿತ್ತು. ಹಾಲಿನ ನೊರೆ ಇನ್ನೂ ಅಂಟಿಕೊಂಡಿತ್ತು.

"ಪಾಟ್ಟಿ, ಹಾಲು ಉಕ್ಕಿದ್ದು ಎಲ್ಲಿ?" ಅಂತ ಅಜ್ಜಿಯನ್ನು ಕೇಳಿದೆ.

ಒಲೆಯ ಮೇಲೆ ಅಂದರು.

"ಕುಂಕುಮ ಇಟ್ಟಿದ್ದು ಯಾವುದಕ್ಕೆ?"

ಒಲೆಗೇ ಅಂದರು.

"ಹಾಗಾದ್ರೆ ಒಲೆ ಎಲ್ಲಿ ಹೋಗುತ್ತೋ ಅದೇ ನಿಮ್ಮನೆ. ಈ ಒಲೆ ಓನರದಲ್ಲ, ನಂದು. ತಗೊಂಡು ಹೋಗಿ."

ಅಜ್ಜಿ ಯೋಚನೆ ಮಾಡಿದರು. ಒಲೆಯನ್ನು ನೋಡಿದರು, ಗಣಪತಿಯನ್ನು ನೋಡಿದರು. ನಮ್ಮ ಯಜಮಾನರು ಮೆಲ್ಲಗೆ, ಶಾಸ್ತ್ರದಲ್ಲಿ ಇದಕ್ಕೆ ಅವಕಾಶ ಇದೆಯೇನೇ ಅಂತ ಕೇಳಲು 'ಶಾ' ಅನ್ನುವಷ್ಟರಲ್ಲಿ ಅವರ ಕಾಲು ತುಳಿದೆ. ಕೊನೆಗೆ ಅಜ್ಜಿ ಒಪ್ಪಿದರು, ಒಂದು ಮಾತಿನ ಮೇಲೆ. ಹಾಲಿನ ಜೊತೆಗೆ ಅದೇ ಒಲೆಯಲ್ಲಿ ಕುದಿದ ಸಾರೂ ಬರಬೇಕು, ಜೊತೆಯನ್ನು ಅಗಲಿಸಬಾರದು ಅಂದರು.

ಬೋರ್ಡು ಹೊರುವ ವ್ಯಾನಿಗೇ ಹೇಳಿಕಳಿಸಿದ್ದಾಯಿತು. ಒಲೆ ಏರಿತು, ಗಣಪತಿ ಏರಿದ, ಅಜ್ಜಿ ಮುಂದೆ ಕೂತರು. ಹಿಂದೆ, ಇನ್ನೂ ಗೋಡೌನಿಗೆ ಹೋಗದ ಹಳೇ ಬೋರ್ಡುಗಳ ನಡುವೆ, ನಮ್ಮ ಯಜಮಾನರು ಸಾರಿನ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ದಾರಿಯಲ್ಲಿ ಕಂಡವರೆಲ್ಲ ಬ್ರೋಕರ್ ಗಂಡನನ್ನೂ ಎತ್ತಿಕೊಂಡು ಹೋಗುತ್ತಿದ್ದಾರೆ ಅಂದುಕೊಂಡರು.

ಮಾಮಿ ವ್ಯಾನು ಗೇಟಿನ ಮುಂದೆ ನಿಲ್ಲಲು ಬಿಡಲಿಲ್ಲ. ಇನ್ಸ್‌ಪೆಕ್ಟರನ್ನು ಗುರುತಿಸಿ, ಮೊದಲು ನನ್ನ ಬೋರ್ಡ್ ಕೊಂಡ್ಬರಲಿ, ಅಪ್ಪರಂ ಮನೆ ಮಾತು ಅಂದುಬಿಟ್ಟರು. ಇನ್ಸ್‌ಪೆಕ್ಟರ್ ಗೋಡೌನಿಗೆ ಹೋಗಿ, ತಾವೇ ಹೊಡೆಸಿದ್ದ ಬೋರ್ಡನ್ನು ತಾವೇ ಕೀಳಿಸಿ ಹೊತ್ತು ತಂದರು. ಮನೆಯೊಳಗಿನ ಬೋರ್ಡಿಗೆ ಯಾವ ಅಳತೆಯೂ ಇಲ್ಲವಾದ್ದರಿಂದ ಅದು ಮಹಡಿಯ ನಡುಮನೆಗೇ ಹೋಯಿತು. ಗೋಡೆಗೆ ಮೊಳೆ ಹೊಡೆಯಬಾರದು ಅಂತ ಅದರಲ್ಲೇ ಬರೆದಿದ್ದರಿಂದ ಇವತ್ತಿಗೂ ಅದನ್ನು ಒರಗಿಸಿಯೇ ಇಟ್ಟಿದ್ದಾರೆ. ನಾನು ಹೋದಾಗ ನೋಡಿದ್ದೇನೆ, ಊರಿನ ಬೋರ್ಡು ಕೀಳಲು ಹೊರಡುವ ಮುಂಚೆ ಇನ್ಸ್‌ಪೆಕ್ಟರ್ ಅದರ ಮುಂದೆ ಕೈಕಟ್ಟಿ ನಿಂತು ಕೆಂಪು ಸಾಲಿನವರೆಗೂ ಓದಿಕೊಳ್ಳುತ್ತಾರೆ. ಗಾಳಿಗೆ ಅದು ತಿರುಗಿಬಿದ್ದ ದಿನ ಅವರ ಮನೆಗೆ ಬಂದ ನೆಂಟರಿಗೆ, ಮನೆ ಹುಡುಕುವವರಿಗೆ ಇಲ್ಲಿ ಪ್ರವೇಶವಿಲ್ಲ ಅಂತ ಕಾಣುತ್ತದೆ.

ನಮ್ಮ ಓನರು ಬಹಳ ನೊಂದುಕೊಂಡರು. ಎರಡು ಲೋಟ ಕಾಫಿ ಕೊಟ್ಟು ಸಮಾಧಾನ ಮಾಡಬೇಕಾಯಿತು, ಅದನ್ನೂ ಪಕ್ಕದ ಮನೆಯ ಒಲೆಯಲ್ಲಿ ಮಾಡಿ ತಂದೆ. ಆಡಿ ಮುಗಿಯುವವರೆಗೂ ಹೊಸ ಒಲೆ ತರಬಾರದು ಅಂತ ಹಿರಿಯರು ಹೇಳಿದ್ದರಿಂದ ಒಂದು ತಿಂಗಳು ಸೀಮೆಎಣ್ಣೆ ಸ್ಟೌವಿನಲ್ಲಿ ಅಡುಗೆ. ಬೇಜಾರೇನೂ ಆಗಲಿಲ್ಲ, ಬಾವಿ ಉಳಿದಿತ್ತಲ್ಲ.

ಆಡಿ ಕಳೆದು ಹೊಸ ಒಲೆ ಬಂತು. ಅರಿಶಿನ ಕುಂಕುಮ ಇಟ್ಟು, ಶಾಸ್ತ್ರಕ್ಕೆ ಮೊದಲು ಹಾಲು ಉಕ್ಕಿಸೋಣ ಅಂತ ಪಾತ್ರೆ ಇಟ್ಟೆ. ಹಾಲು ಇನ್ನೇನು ಉಕ್ಕಬೇಕು, ಪಕ್ಕದಲ್ಲಿ ನಿಂತಿದ್ದ ಯಜಮಾನರು ಕಾಣಲಿಲ್ಲ. ಎಲ್ಲಿ ಹೋದರೆಂದು ಕಿಟಕಿಯಲ್ಲಿ ನೋಡಿದರೆ, ಓಡಿಹೋಗಿ ಗೇಟಿಗೆ ಬೀಗ ಹಾಕುತ್ತಿದ್ದರು.